ಗರ್ಭ ಕಳೆದುಕೊಂಡವಳು ಕೊಲೆಗಾತಿಯೇ?

ಗರ್ಭಪಾತಕ್ಕೆ ಅತ್ಯುಗ್ರ ಶಿಕ್ಷೆ ವಿಧಿಸುವ ದೇಶಗಳನ್ನು ಕಂಡು ಮೆಚ್ಚುವವರು ನಮ್ಮಲ್ಲೂ ಇದ್ದಾರೆ. ‘ಕ್ರೈಸ್ತರಾದರೂ ಈ ವಿಷಯದಲ್ಲಿ ಅವರು ಶರೀಅತ್‌ಗೆ ಹತ್ತಿರ’ ಎಂಬುದು ಅವರ ವಾದ. ಆ ಕಾನೂನು ಯಾರ ಕೈಗೆ ಕೋಳ ತೊಡಿಸಿತು ಎಂಬುದನ್ನು ಇವರು ಎಂದಾದರೂ ನೋಡಿದ್ದಾರೆಯೇ?

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 1998ರಲ್ಲಿ ಗರ್ಭಪಾತವನ್ನು ಸಂಪೂರ್ಣವಾಗಿ ನಿಷೇಧಿಸಿತು. ತಾಯಿಯ ಪ್ರಾಣ ಉಳಿಸಲೂ ವಿನಾಯಿತಿಯಿಲ್ಲ. ಅಲ್ಲಿಂದ ಮುಂದೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಬಂದ ಬಡ ಹೆಂಗಸರೇ ಶಂಕಿತರಾದರು. ನ್ಯಾಯಾಲಯದ ದಾಖಲೆಗಳು ‘ಮಾನುವೆಲಾ’ ಎಂದು ಕರೆಯುವ ಮಹಿಳೆ ಅವರಲ್ಲೊಬ್ಬಳು. ಹಳ್ಳಿಯವಳು, ಅನಕ್ಷರಸ್ಥೆ, ಇಬ್ಬರು ಗಂಡುಮಕ್ಕಳ ತಾಯಿ. 2008ರಲ್ಲಿ ಮಗುವನ್ನು ಕಳೆದುಕೊಂಡು ಆಸ್ಪತ್ರೆ ಸೇರಿದಳು. ಚಿಕಿತ್ಸೆ ನೀಡಬೇಕಾದವರೇ ಪೊಲೀಸರಿಗೆ ದೂರಿತ್ತರು. ಹಾಸಿಗೆಗೆ ಕೋಳ ಬಿಗಿಯಲಾಯಿತು. 30 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅವಳ ಕುತ್ತಿಗೆಯಲ್ಲಿದ್ದ ಗಂಟುಗಳು ಕ್ಯಾನ್ಸರಿನವಾಗಿದ್ದವು. 2010ರಲ್ಲಿ, ಕೈದಿಯಾಗಿಯೇ, ತೀರಿಕೊಂಡಳು.

ಭ್ರೂಣದ ಜೀವಕ್ಕೆ ಇಸ್ಲಾಮ್ ಬೆಲೆ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಹೊಡೆತದಿಂದ ಗರ್ಭ ನಷ್ಟವಾದಾಗ ಹೊಡೆದವರ ಕಡೆಯವರು ಪರಿಹಾರ ತೆರಬೇಕೆಂದು ಪ್ರವಾದಿ(ಸ) ತೀರ್ಪಿತ್ತರು. 120 ದಿನಗಳಿಗೆ ಮುಂಚಿನ ಗರ್ಭದ ಬಗ್ಗೆ ಮಝ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಬೇರೆ ಚರ್ಚೆ. ಅದರ ನಂತರವೂ ತಾಯಿಯ ಜೀವಕ್ಕೆ ಅಪಾಯವಿದ್ದರೆ ಸಮಕಾಲೀನ ಫಿಕ್ಹ್ ವಿದ್ವಾಂಸರು ಅನುಮತಿಸಿದ್ದಾರೆ. ಪಾಪವನ್ನು ಪಾಪವೆನ್ನೋಣ. ಆದರೆ ಗರ್ಭಸ್ರಾವವಾದವಳು ಯಾವ ಪಾಪ ಮಾಡಿದಳು? ಸಂದೇಹವಿದ್ದಲ್ಲಿ ಹದ್ದ್ ಶಿಕ್ಷೆಯನ್ನು ತಡೆಯುವ ಶರೀಅತ್ತಿಗೂ, ಸಂದೇಹವನ್ನೇ ಸಾಕ್ಷ್ಯವಾಗಿಸಿಕೊಂಡ ಆ ಕಾನೂನಿಗೂ ಎಲ್ಲಿಯ ಹತ್ತಿರ? ಪ್ರಸವದಲ್ಲಿ ಮಡಿದವಳನ್ನು ಹದೀಸ್ ಶಹೀದರ ಸಾಲಿನಲ್ಲಿರಿಸಿದೆ. ಸಹನೆ ತಾಳಿದ ತಾಯಿಯನ್ನು, ಸ್ರವಿಸಿಹೋದ ಶಿಶುವೇ ಸ್ವರ್ಗಕ್ಕೆ ಎಳೆದೊಯ್ಯುವುದೆಂಬ ವರದಿ ಇಬ್ನು ಮಾಜದಲ್ಲಿದೆ. ಅಂಥ ತಾಯಿಯನ್ನು ಠಾಣೆಗೆ ಎಳೆದೊಯ್ಯುವುದನ್ನು ಶರೀಅತ್ತಿಗೆ ಹತ್ತಿರವೆನ್ನುವವರು ಒಮ್ಮೆ ತಮ್ಮ ಮನೆಯ ಹೆಣ್ಣುಮಕ್ಕಳ ಮುಖ ನೋಡಲಿ.

ಇಂಥವರು ಫಿಕ್ಹ್ ಗ್ರಂಥಗಳಲ್ಲಿ ಬರುವ ಒಂದು ಘಟನೆಯನ್ನೂ ಓದಬೇಕು. ಗಂಡ ಊರಲ್ಲಿಲ್ಲದ ಒಬ್ಬ ಮಹಿಳೆಯ ಬಗ್ಗೆ ಯಾರೋ ಏನೋ ಆಡಿಕೊಂಡಾಗ ಖಲೀಫ ಉಮರ್(ರ) ಆಕೆಗೆ ಕರೆ ಕಳುಹಿಸಿದರು. ಗರ್ಭಿಣಿಯಾಗಿದ್ದ ಆಕೆಗೆ ಭಯದಿಂದ ದಾರಿಯಲ್ಲೇ ಹೆರಿಗೆಯಾಯಿತು. ಮಗು ಎರಡು ಸಲ ಅತ್ತು ಅಸುನೀಗಿತು. ‘ನೀವು ಆಡಳಿತಗಾರರು, ಶಿಸ್ತು ಕಲಿಸುವವರು, ನಿಮ್ಮ ಮೇಲೆ ಹೊಣೆಯಿಲ್ಲ’ ಎಂದು ಸುತ್ತಲಿದ್ದವರು ಸಮಾಧಾನಪಡಿಸಿದರು. ಅಲೀ(ರ) ಮಾತ್ರ ಮೌನವಾಗಿದ್ದರು. ಅಭಿಪ್ರಾಯ ಕೇಳಿದಾಗ, ಆಕೆಯನ್ನು ಬೆದರಿಸಿದವರು ನೀವು, ರಕ್ತಪರಿಹಾರ ನಿಮ್ಮ ಮೇಲಿದೆ ಎಂದರು. ಅಧಿಕಾರದ ಕರೆಯೇ ಗರ್ಭಿಣಿಗೆ ಆಘಾತವಾದರೆ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲಬೇಕಾದದ್ದು ಅಧಿಕಾರ. ಎಲ್ ಸಾಲ್ವಡಾರ್ ಇದನ್ನು ಪೂರ್ತಿ ತಿರುವುಮುರುವು ಮಾಡಿತು.

ಉಮರ್(ರ) ವಾದಿಸಲಿಲ್ಲ. ಪರಿಹಾರವನ್ನು ತಮ್ಮ ಕುಲದವರಿಂದ ಸಂಗ್ರಹಿಸಲು ಅಲೀಯವರಿಗೇ(ರ) ಹೇಳಿದರು. ಮಾನುವೆಲಾಳ ಹೆತ್ತವರಿಗೂ ಇಬ್ಬರು ಮಕ್ಕಳಿಗೂ ಪರಿಹಾರ ನೀಡುವಂತೆ ಎಲ್ ಸಾಲ್ವಡಾರ್ ಸರಕಾರಕ್ಕೆ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಆದೇಶಿಸಿದ್ದು 2021ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅವಳು ಸತ್ತು 11 ವರ್ಷಗಳು ಕಳೆದಿದ್ದವು.