ಬ್ಯಾಡ್ಜ್ ಬೇರೆ, ಬುಡ ಒಂದೇ

ಹೋದ ರಜೆಯಲ್ಲಿ ಮಸ್ಕಿಗೆ ಹೋದಾಗ ಮಾಮ ಕೇಳಿದರು: ‘ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ, ಬಲೆನೊ ತಗೊಳ್ಳಲೋ ಗ್ಲಾನ್ಜಾ ತಗೊಳ್ಳಲೋ ಹೇಳ್ಪಾ.’

‘ಎರಡೂ ಒಂದೇ ಗಾಡಿ ಮಾಮ’ ಅಂದೆ.

‘ಒಂದು ಮಾರುತಿ, ಒಂದು ಟೊಯೊಟಾ. ಒಂದೇ ಹೆಂಗ ಆಗ್ತಾವ? ಇಷ್ಟೂ ಗೊತ್ತಿಲ್ಲೇನು ನಿನಗ?’

ಮರ್ಯಾದೆ ಪ್ರಶ್ನೆ ಆಯ್ತು. ಪ್ಲಾಟ್‌ಫಾರ್ಮ್ ಅಂದರೆ ಮಾಮನಿಗೆ ನೆನಪಾಗೋದು ಸಿಂಧನೂರಿಗೆ ಮೊನ್ನೆ ಮೊನ್ನೆ ಬಂದ ರೈಲು. ಹಾಗಾಗಿ ಅವರೂರಿನ ಶಾಸನದಿಂದಲೇ ಶುರು ಮಾಡಿದೆ. ಮಸ್ಕಿಯ ಕಲ್ಲಿನ ಮೇಲಿರೋ ಅಶೋಕನ ಮಾತೇ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಕೊಪ್ಪಳದಲ್ಲೂ ಇದೆ, ಬ್ರಹ್ಮಗಿರಿಯಲ್ಲೂ ಇದೆ. ಅಲ್ಲೆಲ್ಲ ‘ದೇವಾನಾಂಪ್ರಿಯ’ ಅಂತಷ್ಟೇ ಇದ್ದರೆ, 1915ರಲ್ಲಿ ಇಲ್ಲಿ ಸಿಕ್ಕ ಕಲ್ಲಿನಲ್ಲಿ ‘ಅಶೋಕ’ ಅಂತ ಹೆಸರೇ ಇತ್ತು. ಒಂದೇ ಮಾತು, ಬ್ಯಾಡ್ಜ್ ಬೇರೆ. (ಅದನ್ನು ಕಂಡವನು ಬೀಡನ್ ಅನ್ನೋ ಗಣಿ ಇಂಜಿನಿಯರ್. ನಮ್ಮವನೇ!)

ಗ್ಲಾನ್ಜಾ 2019ರಲ್ಲಿ ಬಂದದ್ದೇ ಬಲೆನೊಗೆ ಟೊಯೊಟಾ ಲೋಗೋ ಹಾಕಿಕೊಂಡು. ಈಗಲೂ ಎರಡರ ವೀಲ್‌ಬೇಸ್ 2520 ಮಿ.ಮೀ., ಇಂಜಿನ್ 1197 ಸಿಸಿ. ಗ್ರಿಲ್, ಬಂಪರ್ ಬೇರೆ. ಇದು ಬ್ಯಾಡ್ಜ್ ಬದಲಾವಣೆ. ನಿಜವಾದ ಪ್ಲಾಟ್‌ಫಾರ್ಮ್ ಹಂಚಿಕೆ ನೋಡಬೇಕಂದ್ರೆ ಬಿಡದಿಯಲ್ಲೇ ತಯಾರಾಗೋ ಇನ್ನೋವಾ ಕ್ರಿಸ್ಟಾ, ಫಾರ್ಚುನರ್ ನೋಡಿ. ಎರಡೂ 2004ರಲ್ಲಿ ಶುರುವಾದ ಐಎಂವಿ ಕುಟುಂಬದವು, ಲ್ಯಾಡರ್ ಫ್ರೇಮ್ ಮೇಲೆ ನಿಂತವು. ವೀಲ್‌ಬೇಸ್ 2750 ಮತ್ತು 2745. ಆದರೆ ಒಂದರಲ್ಲಿ ಮದುವೆ ದಿಬ್ಬಣ ಹೋಗುತ್ತೆ, ಇನ್ನೊಂದರಲ್ಲಿ ಲೀಡರ್ ಬರ್ತಾರೆ. ಯಾರೂ ಒಂದೇ ಗಾಡಿ ಅನ್ನಲ್ಲ, ಅನ್ನಲೂಬಾರದು. ಗ್ರ್ಯಾಂಡ್ ವಿಟಾರಾ ಕಥೆ ಇನ್ನೂ ಮಜಾ: ಮಾರುತಿ ಹೆಸರಿನ ಗಾಡಿ, 2022ರಿಂದ ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ ತನ್ನ ಜೋಡಿ ಹೈರೈಡರ್ ಜೊತೆ ತಯಾರಾಯ್ತು.

ಇದು ಮೋಸ ಅನ್ನೋರ ಗುಂಪಿನಲ್ಲಿ ನಾನಿಲ್ಲ. ಹೊಸ ಫ್ಲೋರ್, ಹೊಸ ಡೈ, ವೆಲ್ಡಿಂಗ್ ಜಿಗ್, ಕ್ರ್ಯಾಶ್ ಟೆಸ್ಟ್ ಎಲ್ಲದರ ಖರ್ಚು ಒಂದೇ ಮಾಡೆಲ್ ಮೇಲೆ ಬಿದ್ದರೆ ಮಾಮನಂಥವರು ಕಾರಿನ ಆಸೆಯನ್ನೇ ಬಿಡಬೇಕು. ನಮ್ಮ ಕಡೆಗಂತೂ ಇದು ಅನುಕೂಲವೇ. ವಾರಂಟಿ ಮುಗಿದ ಗ್ಲಾನ್ಜಾ ಲಿಂಗಸುಗೂರು ರಸ್ತೆಯಲ್ಲಿ ಕೆಟ್ಟು ನಿಂತರೆ, ಬಲೆನೊ ಬಿಚ್ಚಿ ಗೊತ್ತಿರೋ ಮೇಸ್ತ್ರಿ ತಲೆ ಕೆರೆದುಕೊಳ್ಳಲ್ಲ.

ನನ್ನ ತಕರಾರು ಬೇರೆ. ಒಂದೇ ಗಾಡಿ ಅನ್ನೋದು ಕಂಪನಿಗೆ ಗೊತ್ತು, ನಮಗೆ ಗೊತ್ತು, ದುಡ್ಡು ಕೊಡೋ ಮಾಮನಿಗೆ ಗೊತ್ತಿಲ್ಲ. 2019ರಿಂದ ಗ್ಲಾನ್ಜಾಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಇತ್ತು, ಬಲೆನೊಗೆ 2 ವರ್ಷ ಅಥವಾ 40 ಸಾವಿರ. ಮಾರುತಿ ಅದನ್ನು ಸರಿಸಮ ಮಾಡಿದ್ದು 2024ರ ಜುಲೈನಲ್ಲಿ. ಅದೇ ಇಂಜಿನ್‌ಗೆ ಐದು ವರ್ಷ ಎರಡು ಭರವಸೆ! ವಾರಂಟಿ ಹೋಗಲಿ, ಅದು ವ್ಯಾಪಾರ. ಆದರೆ 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ದೋಷದ ಅನುಮಾನದಿಂದ ಮಾರುತಿ ಬಲೆನೊ ಸೇರಿದಂತೆ 17,362 ಗಾಡಿಗಳನ್ನು ವಾಪಸ್ ಕರೀತು. ಅದೇ ತಿಂಗಳು ಅದೇ ಭಾಗಕ್ಕಾಗಿ ಟೊಯೊಟಾ 1,390 ಗ್ಲಾನ್ಜಾ, ಹೈರೈಡರ್‌ಗಳನ್ನು ಕರೀತು. ಪೇಪರಿನಲ್ಲಿ ಬಲೆನೊ ಸುದ್ದಿಯಷ್ಟೇ ಓದಿದ ಗ್ಲಾನ್ಜಾ ಮಾಲೀಕ ‘ನಂದಲ್ಲ ಬಿಡು’ ಅಂತ ಪುಟ ತಿರುವಿದರೆ ತಪ್ಪು ಅವನದಾ?

ಹಾಗಾಗಿ ಕೇಳೋದಿಷ್ಟೇ: ಬ್ರೋಷರ್‌ನಲ್ಲಿ, ಓನರ್ಸ್ ಮ್ಯಾನುವಲ್‌ನಲ್ಲಿ ಒಂದು ಸಾಲು ಇರಲಿ, ಕನ್ನಡದಲ್ಲೂ ಇರಲಿ. ಈ ಗಾಡಿ ಇಂಥ ಗಾಡಿಯ ಜೋಡಿ, ತಯಾರಾದದ್ದು ಇಲ್ಲಿ. ರೀಕಾಲ್ ನೋಟಿಸ್‌ನಲ್ಲಿ ಜೋಡಿ ಗಾಡಿಯ ಹೆಸರೂ ಬರಲಿ.

ಇಷ್ಟೆಲ್ಲ ಕೇಳಿಸಿಕೊಂಡು ಮಾಮ ಅಂದರು: ‘ಹಂಗಾದ್ರ ಸರ್ವಿಸ್ ಯಾವ್ದು ಹತ್ರ ಐತಿ, ಅದನ್ನ ಹೇಳು.’ ಈ ಸಲದ ನೆಲ್ಲು ಇನ್ನೂ ಮಾರಿಲ್ಲ.