ಹೆಚ್ಚಿನ ಅಕ್ಕಿ ಹಿಂದಿರುಗಿಸೋಣ



ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ ನಮ್ಮ ಬಸವಣ್ಣನವರ ಮೂರ್ತಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಆ ದೇಶಕ್ಕೆ ಹೋದ ಕನ್ನಡದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಭಾತಂಬ್ರಾದ ನಮಗೆ ಅಷ್ಟು ದೂರ ಆಗದ ಮಾತು. ನಮ್ಮ ಸಂಘದವರು ಟೆಂಪೋ ಮಾಡಿಕೊಂಡು ನಮ್ಮ ಜಿಲ್ಲೆಯದೇ ಆದ ಬಸವಕಲ್ಯಾಣಕ್ಕೆ ಹೋಗಿಬಂದೆವು. ಅಲ್ಲಿ 2012ರಲ್ಲಿ ಅನಾವರಣವಾದ 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ ಇದೆ.

ಎಲ್ಲರೂ ಕೈಮುಗಿದೆವು. ಬುತ್ತಿ ಬಿಚ್ಚಿ ಉಣ್ಣಲು ಕುಳಿತಾಗ ಮಾತು ಮದುವೆಗಳ ಕಡೆ ಹೊರಳಿತು. ಯಾರ ಮಗಳಿಗೆ ಎಷ್ಟು ತೊಲ ಕೊಟ್ಟರು, ಯಾರ ಮಗನಿಗೆ ಎಷ್ಟು ಹುಂಡಾ ಬಂತು, ಇದೇ ಮಾತು. ಬಸವಣ್ಣನವರ ಎದುರಿಗೇ! ನಾನು ಸುಮ್ಮನಿದ್ದೆ. ನನ್ನ ಮಗನ ಮದುವೆಯಲ್ಲಿ 'ವರೋಪಚಾರ' ಎಂಬ ಚೆಂದದ ಹೆಸರಿನಲ್ಲಿ ನಾವೂ ತೆಗೆದುಕೊಂಡವರೇ.

ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಇದೇ ಕಲ್ಯಾಣದಲ್ಲಿ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದ. ಮನೆಯಲ್ಲಿ ಬಡತನ. ಆದರೂ ಲಕ್ಕಮ್ಮ, ಇದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದಳು. ಹೆಂಡತಿಯ ಮಾತಿಗೆ ಗಂಡ ತಲೆಬಾಗಿದ.

ಹುಂಡಾ ಎಂದರೆ ಅದೇ ಹೆಚ್ಚಿನ ಅಕ್ಕಿ. ನಾವು ದುಡಿಯದ್ದು, ನಮ್ಮದಲ್ಲದ್ದು. ಅದರ ರುಚಿ ಹತ್ತಿದ ಮೇಲೆಯೇ 'ಇನ್ನೂ ತಾ' ಎಂದು ಸೊಸೆಯನ್ನು ಹೊಡೆಯುವುದು, ತವರಿಗೆ ಅಟ್ಟುವುದು, ಕೊನೆಗೆ ಜೀವಕ್ಕೇ ಎರವಾಗುವುದು ಶುರುವಾಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಬೇರೆಯವರು ತೆಗೆದುಕೊಂಡಿದ್ದರೆ ಮೂರು ತಿಂಗಳೊಳಗೆ ಆ ಹೆಣ್ಣುಮಗಳಿಗೇ ಒಪ್ಪಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಲಕ್ಕಮ್ಮ ಹೇಳಿದ್ದೂ ಇದನ್ನೇ ಅಲ್ಲವೇ?

ನಾವು ಬರೀ ಹೆಣ್ಣು ಹೆತ್ತವರಲ್ಲ, ಗಂಡು ಹೆತ್ತವರೂ ಹೌದು. ಮಗಳ ಮದುವೆಗೆ ಸಾಲ ಮಾಡಿ ಅಳುತ್ತೇವೆ, ಮಗನ ಮದುವೆಗೆ ಕೈ ಚಾಚುತ್ತೇವೆ. ಈ ಎರಡು ನಾಲಗೆ ಬಿಡದೆ ಯಾವ ಕಾಯ್ದೆಯೂ ನಮ್ಮನ್ನು ಕಾಯುವುದಿಲ್ಲ.

ಆದ್ದರಿಂದ ಪ್ರತಿ ಸಂಘವೂ ಠರಾವು ಮಾಡಲಿ. ಹುಂಡಾ ಕೊಡಲು ಸಂಘದ ಸಾಲವಿಲ್ಲ. ಮಗನಿಗೆ ಹುಂಡಾ ತೆಗೆದುಕೊಳ್ಳುವುದಿಲ್ಲವೆಂದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಲಿ. ಹೊಡೆತ ತಿನ್ನುವ ಸೊಸೆ ಯಾರ ಮನೆಯವಳಾದರೂ ಸಂಘ ಅವಳ ಬೆನ್ನಿಗೆ ನಿಲ್ಲಲಿ. 181ಕ್ಕೆ ಫೋನ್ ಮಾಡಲಿ.

ನಾನು ಸೊಸೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿದ್ದೇನೆ. ತೆಗೆದುಕೊಂಡದ್ದನ್ನು ಕಂತಿನಲ್ಲಿ ತುಂಬುತ್ತಿದ್ದೇನೆ. ತಡವಾಯಿತು, ನಿಜ. ಮೂರ್ತಿಗೆ ಹಾರ ಹಾಕಿದ್ದು ಸಾಕು, ಮನೆಯಲ್ಲಿರುವ ಹೆಚ್ಚಿನ ಅಕ್ಕಿಯ ಲೆಕ್ಕ ಹಾಕೋಣ.