ಸ್ಥಾನಿಕ ಸ್ವರಾಜ್ಯವೋ, ವಾರಾನ್ನವೋ?

ಪ್ರತಿವರ್ಷವೂ ಅಂದಾಜುಪತ್ರಿಕೆಯ ಕಾಲ ಸಮೀಪಿಸಿದೊಡನೆ ನಮ್ಮ ವಿಜಯಪುರ ಮಹಾನಗರಪಾಲಿಕೆಯ ದೃಷ್ಟಿಯು ತನ್ನ ಬೊಕ್ಕಸದ ಕಡೆಗಲ್ಲ, ಬೆಂಗಳೂರಿನ ಕಡೆಗೆ ಹೊರಳುತ್ತದೆ. ಅಲ್ಲಿಂದ ಎಷ್ಟು ಬಂದೀತು, ಯಾವಾಗ ಬಂದೀತು, ಯಾವ ಕಟ್ಟುಪಾಡಿನೊಡನೆ ಬಂದೀತು ಎಂಬುದರ ಮೇಲೆಯೇ ಇಲ್ಲಿಯ ನಳ, ಗಟಾರು, ದೀಪ, ರಸ್ತೆಗಳ ಭವಿತವ್ಯವು ನಿಂತಿದೆ. ಸರಕಾರದ ಕೈ ಬಿಗಿಯಾದ ವರ್ಷ ನಗರದ ಕೈಯೂ ಕಟ್ಟಿಹೋಗುತ್ತದೆ. ಇದನ್ನು ಸ್ಥಾನಿಕ ಸ್ವರಾಜ್ಯವೆನ್ನಬೇಕೋ, ವಾರಾನ್ನವೆನ್ನಬೇಕೋ ಎಂಬುದನ್ನು ವಾಚಕರೇ ವಿಚಾರಿಸಲಿ.

ಈ ಪರಾಧೀನತೆಯು ನಮ್ಮ ಊರುಗಳ ಹುಟ್ಟುಗುಣವಲ್ಲ. ಪರರ ಆಳಿಕೆಯಲ್ಲಿಯೇ, ಲಾರ್ಡ್ ರಿಪನ್ನರ 1882ರ ನಿರ್ಣಯದ ತರುವಾಯ, ಮುಂಬಯಿ ಪ್ರಾಂತದ ಮುನಸಿಪಾಲಿಟಿಗಳು ತಮ್ಮ ಸೀಮೆಯೊಳಗೆ ಬರುವ ಸರಕಿನ ಮೇಲೆ ಜಕಾತಿಯನ್ನೆತ್ತಿ ಖರ್ಚಿನ ದೊಡ್ಡ ಪಾಲನ್ನು ತಾವೇ ತೂಗಿಸುತ್ತಿದ್ದವು. ಕರ್ನಾಟಕ ಸರಕಾರವು 1979ರಲ್ಲಿ ಜಕಾತಿಯನ್ನು ರದ್ದು ಮಾಡಿತು. ನಾಕೆಗಳ ಕಾಟ ತಪ್ಪಿ ವ್ಯಾಪಾರಕ್ಕೆ ಹಿತವಾಯಿತೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ಅದರ ಸ್ಥಳದಲ್ಲಿ ಬಂದ ಪ್ರವೇಶ ತೆರಿಗೆಯು ಸರಕಾರದ ಕೈ ಸೇರಿತು. ಊರುಗಳಿಗೆ ಪರಿಹಾರಧನ ಮಾತ್ರ ದಕ್ಕಿತು. 2017ರ ಜುಲೈ 1ರಂದು ಆ ಪ್ರವೇಶ ತೆರಿಗೆಯನ್ನೂ ಜಿ.ಎಸ್.ಟಿ. ನುಂಗಿತು. ಹೀಗೆ ಹಕ್ಕು ಹೋಗಿ ಅನುದಾನ ಉಳಿಯಿತು. ಹಕ್ಕನ್ನು ಕೇಳಬಹುದು, ಅನುದಾನವನ್ನಾದರೋ ಬೇಡಬೇಕು.

ಸರಕಾರದ ಇಕ್ಕಟ್ಟೂ ಸುಳ್ಳಲ್ಲ. ಹದಿನೈದನೆಯ ಹಣಕಾಸು ಆಯೋಗವು ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇಕಡಾ 4.713ರಿಂದ 3.647ಕ್ಕೆ ಇಳಿಸಿತು. ಐದು ಗ್ಯಾರಂಟಿ ಯೋಜನೆಗಳಿಗೆ 2024-25ರ ಆಯವ್ಯಯದಲ್ಲಿ ಸುಮಾರು 52,000 ಕೋಟಿ ರೂಪಾಯಿ ತೆಗೆದಿಡಬೇಕಾಯಿತು. ದಿಲ್ಲಿಯಿಂದ ತನಗಾದ ಅನ್ಯಾಯವನ್ನು ಬೆಂಗಳೂರು ಎತ್ತರದ ದನಿಯಲ್ಲಿ ಸಾರಿತು, ಅದು ಯೋಗ್ಯವೇ. ಆದರೆ ತಾನು ಕೇಳುವ ನ್ಯಾಯವನ್ನು ತನ್ನ ಊರುಗಳಿಗೆ ಕೊಡುವುದು ಬೇಡವೇ? ರಾಜ್ಯಘಟನೆಯ ಮೇರೆಗೆ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ನೇಮಕವಾಗಬೇಕು. 2015ರಲ್ಲಿ ನೇಮಕವಾದ ನಾಲ್ಕನೆಯ ಆಯೋಗವು ರಾಜ್ಯದ ಸ್ವಂತ ನಿವ್ವಳ ಉತ್ಪನ್ನದಲ್ಲಿ ಶೇಕಡಾ 48ನ್ನು ಸ್ಥಾನಿಕ ಸಂಸ್ಥೆಗಳಿಗೆ ಕೊಡಬೇಕೆಂದಿತು. ಐದನೆಯ ಆಯೋಗ ನೇಮಕವಾಗಲು 2023 ಬರಬೇಕಾಯಿತು. ಹಿಂದುಸ್ಥಾನದ ಎಲ್ಲ ನಗರಸಂಸ್ಥೆಗಳ ಉತ್ಪನ್ನವು ದೇಶದ ಒಟ್ಟು ಉತ್ಪನ್ನದ ಶೇಕಡಾ 1ರ ಸುತ್ತಲೇ ನಿಂತಿದೆಯೆಂದೂ, ಬ್ರಾಝಿಲಿನಲ್ಲಿ ಅದು ಶೇಕಡಾ 7.4 ಇದೆಯೆಂದೂ 2022ರಲ್ಲಿ ರಿಝರ್ವ್ ಬ್ಯಾಂಕು ಹೇಳಿತು.

ಅನುದಾನ ಕುಗ್ಗಿದಾಗ ಏಟು ಬೀಳುವುದೆಲ್ಲಿ? ಸಿಬ್ಬಂದಿಯ ಸಂಬಳವನ್ನು ಕಡಿಯಲಾಗದು. 700 ಜನರಿಗೆ ಒಬ್ಬ ಪೌರಕಾರ್ಮಿಕನಿರಬೇಕೆಂಬ ನಿಯಮವಿದೆ. ನೀರನ್ನು ನಿಲ್ಲಿಸಲಾಗದು. 1651ರಲ್ಲಿ ಮಹಮ್ಮದ ಆದಿಲಶಹನು ಕಟ್ಟಿಸಿದ ಬೇಗಂ ತಲಾಬಿನ ನೀರು ಇಳಿಜಾರಿನಲ್ಲಿ ತಾನಾಗಿಯೇ ಊರಿಗೆ ಹರಿಯುತ್ತಿತ್ತು. ಕೊಲ್ಹಾರದ ಕೃಷ್ಣೆಯ ನೀರಾದರೋ ಯಂತ್ರಬಲದಿಂದ ಏರಿ ಬರಬೇಕು. ಕೇಂದ್ರ ಆಯೋಗದ 2021-26ರ ಅನುದಾನದಲ್ಲಿಯೂ ಶೇಕಡಾ 60ರಷ್ಟು ನೀರು, ನೈರ್ಮಲ್ಯಗಳಿಗೇ ಕಟ್ಟುಬಿದ್ದಿತ್ತು. ಆದುದರಿಂದ ಕತ್ತರಿಯು ರಸ್ತೆ, ಗಟಾರು, ತೋಟ, ದುರಸ್ತಿಗಳ ಮೇಲೆಯೇ ಆಡುತ್ತದೆ. ಈ ವರ್ಷ ಮುಂದೂಡಿದ ಸಣ್ಣ ದುರಸ್ತಿಯು ಬರುವ ವರ್ಷ ದೊಡ್ಡ ಖರ್ಚಾಗಿ ಬಾಗಿಲಿಗೆ ಬರುತ್ತದೆ; ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹುಡುಕುವ ಪ್ರಸಂಗವಿದು.

ಇಷ್ಟರ ಮೇಲೆ ನಗರವು ತನ್ನವರಿಗೆ ಮಾತ್ರ ನಗರವಲ್ಲ. 2011ರ ಜನಗಣತಿಯಲ್ಲಿ 3,27,427 ಜನರಿದ್ದರು; 2021ರ ಗಣತಿ ನಡೆಯಲೇ ಇಲ್ಲ. ಬೆಳೆದ ಊರಿಗೆ ಹಳೆಯ ಅಳತೆಯ ಅಂಗಿ ತೊಡಿಸಿದಂತಾಗಿದೆ. ತಿಕೋಟಾದ ದ್ರಾಕ್ಷಿಯ ಬೆಳೆಗಾರನೂ ಬಬಲೇಶ್ವರದ ಒಕ್ಕಲಿಗನೂ ಪೇಟೆಗೆ, ದವಾಖಾನೆಗೆ, ಕಚೇರಿಗೆ ಇಲ್ಲಿಗೇ ಬರುತ್ತಾರೆ. ಬರಲಿ, ಅವರಿಂದಲೇ ನಮ್ಮ ಪೇಟೆಯ ಕಳೆ. ಆದರೆ ಅವರು ತುಳಿಯುವ ರಸ್ತೆಯ ಲೆಕ್ಕ ಯಾವ ಅನುದಾನದಲ್ಲಿದೆ? 2018ರಲ್ಲಿ ಆ ಎರಡು ಊರುಗಳಿಗೂ ತಾಲೂಕಿನ ಪದವಿ ಬಂದಿತು. ಪದವಿಯ ಹಿಂದೆ ಹಣ ಬಾರದಿದ್ದರೆ ನಾಳೆ ಅವುಗಳ ಪಾಡೂ ಇದೇ. ಗೋಲಗುಮ್ಮಟವನ್ನು ನೋಡಬರುವವರ ಕಸವನ್ನು ನಗರವು ಗುಡಿಸಬೇಕು. ತಿಕೀಟಿನ ಹಣ ಮಾತ್ರ ಕೇಂದ್ರದ ಪುರಾತತ್ತ್ವ ಇಲಾಖೆಗೆ ಸಲ್ಲುತ್ತದೆ.

ಆದರೆ ತಪ್ಪೆಲ್ಲ ಬೆಂಗಳೂರಿನದೆಂದು ಹೇಳಿ ನಗರಪಿತೃಗಳು ಕೈತೊಳೆದುಕೊಳ್ಳಬಾರದು. ರಾಜ್ಯದ ಆರ್ಥಿಕ ಬೆಳವಣಿಗೆಗೆ ಸಮನಾಗಿ ಆಸ್ತಿಕರದ ವಸೂಲಿ ಬೆಳೆಯಬೇಕೆಂದು ಹದಿನೈದನೆಯ ಆಯೋಗವೇ ಕರಾರು ಹಾಕಿತ್ತು. ವಸೂಲಿಯಲ್ಲಿ ಆಲಸ್ಯ ಮಾಡಿದ ಊರು ಎರಡು ಸಲ ಕಳೆದುಕೊಳ್ಳುತ್ತದೆ: ಒಮ್ಮೆ ಕರವನ್ನು, ಇನ್ನೊಮ್ಮೆ ಅನುದಾನವನ್ನು. ಬಡವನ ನಳವನ್ನು ಕಡಿಯುವ ಉತ್ಸಾಹವು ದೊಡ್ಡ ಬಾಕಿದಾರನ ಬಾಗಿಲಿನಲ್ಲಿ ತಣ್ಣಗಾಗಬಾರದು.

ನಮ್ಮ ಬೇಡಿಕೆ ದೊಡ್ಡದಲ್ಲ. ಪಾಲಿಕೆಗೆ ಸಲ್ಲುವ ಪಾಲನ್ನು ಸರಕಾರವು ವರ್ಷಾರಂಭದಲ್ಲಿಯೇ ಸಾರಲಿ. ಕಂತುಗಳನ್ನು ನಿಶ್ಚಿತ ದಿನಕ್ಕೆ ಕೊಡಲಿ. ಗ್ರಂಥಾಲಯಕ್ಕೆಂದು ಶೇಕಡಾ 6, ಭಿಕ್ಷುಕರ ಪರಿಹಾರಕ್ಕೆಂದು ಶೇಕಡಾ 3ರಂತೆ ಆಸ್ತಿಕರದ ಮೇಲೆ ಎತ್ತಿ ಕಳಿಸುವ ಉಪಕರದಿಂದ ಈ ಊರಿಗೆ ಮರಳಿದ್ದೆಷ್ಟೆಂದು ಪ್ರಕಟಿಸಲಿ. ಪಾಲಿಕೆಯು ತನ್ನ ಜಮಾಖರ್ಚನ್ನೂ ದೊಡ್ಡ ಬಾಕಿದಾರರ ಯಾದಿಯನ್ನೂ ವಾರ್ಡುವಾರ್ಡಿಗೆ ತೂಗಹಾಕಲಿ. ನಾಗರಿಕರು ಕರವನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಕೊಟ್ಟುದರ ಲೆಕ್ಕವನ್ನು ಕೇಳಲಿ. ಕೊಡುವವನಿಗೇ ಕೇಳುವ ಅಧಿಕಾರ. ಕೇಳುವವನಿರುವ ಊರಿನಲ್ಲಿಯೇ ಸ್ವರಾಜ್ಯ.